ಪಾಲಿನ ದಾವೆ 2021ರಿಂದ ನಡೀತಿದೆ, ಬರೀ ವಾಯಿದೆ ಮೇಲೆ ವಾಯಿದೆ. ಈ ತಾರೀಖು ಯಾರು, ಹೇಗೆ ಕೊಡುತ್ತಾರೆ?

ಹೇಮಾವತಿ ದಡದವ:

ಎಲ್ಲರಿಗೂ ನಮಸ್ಕಾರ. ಹಾಸನ ಕಡೆಯ ಒಂದು ತಾಲೂಕು ಕೋರ್ಟಿನಲ್ಲಿ ನಮ್ಮಮ್ಮನ ಪಾಲಿನ ದಾವೆ ಇದೆ. 2021ರಲ್ಲಿ ಹಾಕಿದ್ದು. ತಾತನ ಗದ್ದೆ, ಒಂದಿಷ್ಟು ತೋಟ, ಊರಿನ ಹಳೇ ಮನೆ, ಇಷ್ಟೇ ಆಸ್ತಿ. ಸೋದರಮಾವಂದಿರು, ತೀರಿಕೊಂಡ ದೊಡ್ಡಮ್ಮನ ಮಕ್ಕಳು, ತೋಟದ ಒಂದು ತುಂಡು ಕೊಂಡುಕೊಂಡ ಪಕ್ಕದೂರಿನವರು ಎಲ್ಲ ಸೇರಿ ಪ್ರತಿವಾದಿಗಳು ಹನ್ನೊಂದು ಜನ.

ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಅಮ್ಮನಿಗೆ ವಯಸ್ಸಾಗಿದೆ, ಮಂಡಿ ನೋವು ಬೇರೆ. ಆದರೂ ಪ್ರತಿ ವಾಯಿದೆಗೂ ಬೆಳಗ್ಗೆ ಬಸ್ಸು ಹಿಡಿದು ಹೋಗಿ ಕೋರ್ಟ್ ಹಾಲಿನ ಹೊರಗಿನ ಬೆಂಚಿನ ಮೇಲೆ ಕೂರುತ್ತಾರೆ. ಹೆಸರು ಕೂಗುತ್ತಾರೆ, ವಕೀಲರು ಒಳಗೆ ಹೋಗಿ ಎರಡು ನಿಮಿಷದಲ್ಲಿ ಹೊರಗೆ ಬಂದು "ಅಮ್ಮಾ, ಮುಂದಿನ ತಿಂಗಳು ಇಂಥ ತಾರೀಖು" ಅಂತಾರೆ. ಏನಾಯ್ತು ಅಂತ ಕೇಳಿದರೆ "ಪ್ರೊಸೀಜರ್ ಅಮ್ಮಾ" ಅಂತಾರೆ, ಅಷ್ಟೇ. ಇಷ್ಟು ವರ್ಷವಾದರೂ ಅಮ್ಮ ಒಂದು ಸಲವೂ ಕಟಕಟೆ ಹತ್ತಿಲ್ಲ.

ನನಗೆ ಗೊತ್ತಾಗಬೇಕಾದ್ದು ಇಷ್ಟು. ಸಿವಿಲ್ ಕೇಸಿಗೆ ತಾರೀಖು ಕೊಡುವುದಕ್ಕೆ ಏನಾದರೂ ನಿಯಮ ಇದೆಯಾ, ಅಥವಾ ಜಡ್ಜ್ ಸಾಹೇಬರ ಮನಸ್ಸಿಗೆ ಬಂದಂತೆಯಾ? ಮೂರು ಸಲಕ್ಕಿಂತ ಜಾಸ್ತಿ ವಾಯಿದೆ ಕೊಡಬಾರದು ಅಂತ ಎಲ್ಲೋ ಓದಿದೆ, ಅದು ನಿಜವಾ? ಹೈಕೋರ್ಟಿಗೆ ಹೋಗಿ "ಬೇಗ ಮುಗಿಸಿ" ಅಂತ ಆದೇಶ ತರಬಹುದಾ? ಮತ್ತೆ, ಅಮ್ಮ ಪ್ರತಿ ಸಲ ಹೋಗಲೇಬೇಕಾ?

ಕರಿಕೋಟು:

ನಾನು ತಾಲೂಕು ಮಟ್ಟದಲ್ಲೇ ಪ್ರಾಕ್ಟೀಸ್ ಮಾಡುವ ವಕೀಲ. ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಬೇಡ, ಹೋಗಬೇಕಾಗಿಲ್ಲ. ವಕಾಲತ್ತು ಹಾಕಿದ ಮೇಲೆ ಉಳಿದ ವಾಯಿದೆಗಳಿಗೆ ವಕೀಲರು ಹಾಜರಿದ್ದರೆ ಸಾಕು. ನಿಮ್ಮಮ್ಮ ಖುದ್ದಾಗಿ ಬೇಕಾಗುವುದು ಸಾಕ್ಷಿ ಹೇಳುವಾಗ, ಮಧ್ಯಸ್ಥಿಕೆಗೋ ರಾಜಿಗೋ ಕರೆದಾಗ, ಇಲ್ಲ ಕೋರ್ಟೇ ಬರಬೇಕು ಅಂತ ಹೇಳಿದಾಗ. ಇದನ್ನು ಕಕ್ಷಿದಾರರಿಗೆ ಹೇಳದೆ ಸುಮ್ನೆ ಬಸ್ಸು ಹತ್ತಿಸುವ ವಕೀಲರ ಮೇಲೆ ನನಗೇ ಸಿಟ್ಟಿದೆ.

ಇನ್ನು ನಿಯಮ. ಇದೆ, ಬೇಕಾದಷ್ಟಿದೆ. ಸಿವಿಲ್ ಪ್ರಕ್ರಿಯಾ ಸಂಹಿತೆ 1908ರದ್ದು, 2002ರಲ್ಲಿ ದೊಡ್ಡ ತಿದ್ದುಪಡಿ ಜಾರಿಗೆ ಬಂತು. ಸಮನ್ಸ್ ಜಾರಿಯಾದ 30 ದಿನದೊಳಗೆ ಪ್ರತಿವಾದಿ ತಕರಾರು (ದಾವೆಗೆ ಲಿಖಿತ ಉತ್ತರ) ಹಾಕಬೇಕು, ಕಾರಣ ಇದ್ದರೆ 90 ದಿನದವರೆಗೆ ಬಿಡಬಹುದು. ನೀವು ಓದಿದ ಮೂರು ವಾಯಿದೆ ವಿಷಯವೂ ನಿಜ. ಅದು ಆದೇಶ 17, ನಿಯಮ 1ರಲ್ಲಿದೆ. ವಿಚಾರಣೆ ನಡೆಯುವಾಗ ಒಬ್ಬ ಕಕ್ಷಿದಾರರಿಗೆ ಮೂರಕ್ಕಿಂತ ಹೆಚ್ಚು ಸಲ ಮುಂದೂಡಿಕೆ ಕೊಡಬಾರದು ಅಂತ. ವಕೀಲರು ಬೇರೆ ಕೋರ್ಟಿನಲ್ಲಿದ್ದಾರೆ ಅನ್ನುವುದು ಕಾರಣವಲ್ಲ ಅಂತಲೂ ಅಲ್ಲೇ ಬರೆದಿದೆ (ಓದಿದಾಗಲೆಲ್ಲ ನಗು ಬರುತ್ತೆ, ನಾವೆಲ್ಲ ದಿನಾ ಕೊಡುವ ಕಾರಣವೇ ಅದು).

ಆದರೆ 2005ರಲ್ಲಿ ಸೇಲಂ ವಕೀಲರ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ಗಡುವುಗಳನ್ನು ಸ್ವಲ್ಪ ಸಡಿಲವಾಗಿ ಓದಿತು. 90 ದಿನ ದಾಟಿದರೂ ನಿಜವಾದ ಕಷ್ಟ ತೋರಿಸಿದರೆ ತಕರಾರು ತೆಗೆದುಕೊಳ್ಳಬಹುದು, ಕೈಮೀರಿದ ಕಾರಣವಿದ್ದರೆ ನಾಲ್ಕನೇ ವಾಯಿದೆಯನ್ನೂ ಕೇಳಿದವರ ಮೇಲೆ ಖರ್ಚು ಹಾಕಿ ಕೊಡಬಹುದು ಅಂತ. ಬಾಗಿಲು ಒಂದು ಗೇಣು ತೆಗೆದಿದ್ದು ಅಷ್ಟೇ, ನಾವು ಎತ್ತಿನಗಾಡಿ ನುಗ್ಗಿಸಿದೆವು.

ಇನ್ನೊಂದು ವಿಷಯ. ಮೂರರ ಲೆಕ್ಕ ಹಿಡಿಯುವುದು ವಿಚಾರಣೆ ನಡೆಯುವಾಗ. ನಿಮ್ಮ ಅಮ್ಮ ಕಟಕಟೆ ಹತ್ತಿಲ್ಲ ಅಂದರೆ ಸಾಕ್ಷಿಯ ಹಂತಕ್ಕೇ ಕೇಸು ಬಂದಿಲ್ಲ. ಹಾಗಾಗಿ ಆ ನಿಯಮ ಹಿಡಿದು ಜಗಳವಾಡಿ ಉಪಯೋಗವಿಲ್ಲ.

ನಮ್ಮ ರಾಜ್ಯಕ್ಕೇ ಅಂತ 2005ರ ಕೇಸ್ ಫ್ಲೋ ಮ್ಯಾನೇಜ್‌ಮೆಂಟ್ ನಿಯಮಗಳಿವೆ. ದಾವೆಗಳನ್ನು ನಾಲ್ಕು ಟ್ರ್ಯಾಕ್ ಮಾಡಿದ್ದಾರೆ. ಜೀವನಾಂಶ, ಮಕ್ಕಳ ಸುಪರ್ದಿ, ಶಾಶ್ವತ ನಿರ್ಬಂಧಕಾಜ್ಞೆ ಥರದವಕ್ಕೆ ಒಂಬತ್ತು ತಿಂಗಳು. ಪಾಲಿನ ದಾವೆ ಮೂರನೇ ಟ್ರ್ಯಾಕು, 24 ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕು. "ಪ್ರಯತ್ನಿಸಬೇಕು" ಅನ್ನುವುದನ್ನು ಗಮನಿಸಿ.

ಹೈಕೋರ್ಟ್ ವಿಷಯ. ಮೊದಲು ರಿಟ್ ಹಾಕಿ "ಆರು ತಿಂಗಳಲ್ಲಿ ಮುಗಿಸಿ" ಅಂತ ಆದೇಶ ತರುವುದು ಮಾಮೂಲಿಯಾಗಿತ್ತು. 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಬೇರೆ ಕೋರ್ಟುಗಳಿಗೆ ಹೀಗೆ ಗಡುವು ಹಾಕುವುದನ್ನು ವಿಶೇಷ ಸಂದರ್ಭ ಬಿಟ್ಟು ಮಾಡಬೇಡಿ ಅಂತ ಹೇಳಿತು. ಕಾರಣ ಸರಿಯಾಗೇ ಇದೆ. ದುಡ್ಡಿದ್ದವರು ಮೇಲೆ ಹೋಗಿ ಗಡುವು ತಂದರೆ, ಅದಕ್ಕಿಂತ ಹಳೇ ಕೇಸಿನವರು ಹಿಂದೆ ಬೀಳುತ್ತಾರೆ, ಅಲ್ವಾ? ನಿಮ್ಮದು 2021ರದ್ದು. ಅದೇ ಹಾಲಿನಲ್ಲಿ ಅದಕ್ಕಿಂತ ಹಳೆಯವು ಎಷ್ಟಿವೆಯೋ.

ಸಿಎನ್‌ಆರ್ ನಂಬರ್ (ನಿಮ್ಮ ಕೇಸಿನ ಗುರುತಿನ ನಂಬರ್) ಇದೆಯಾ? ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಹಾಕಿ ಪ್ರತಿ ತಾರೀಖಿನ ಮೇಲೆ ಒತ್ತಿ ನೋಡಿ. ಆ ದಿನ ಏನಾಯ್ತು, ಮುಂದೆ ಯಾವುದಕ್ಕೆ ಇಟ್ಟಿದ್ದಾರೆ ಅಂತ ಬರುತ್ತೆ. ಅದನ್ನು ಇಲ್ಲಿ ಹಾಕಿ, ಆಮೇಲೆ ಮಾತಾಡೋಣ.

ನಿವೃತ್ತ ಬೆಂಚ್ ಕ್ಲರ್ಕ್:

ವಕೀಲರು ಕಾನೂನು ಹೇಳಿದರು. ತಾರೀಖು ನಿಜವಾಗಿ ಹೇಗೆ ಬೀಳುತ್ತೆ ಅಂತ ನಾನು ಹೇಳುತ್ತೇನೆ, ನಾನು ವರ್ಷಗಟ್ಟಲೆ ಜಡ್ಜ್ ಪಕ್ಕದಲ್ಲಿ ಕೂತು ಬರೆದವನು.

ತಾಲೂಕಿನ ಸಿವಿಲ್ ಜಡ್ಜ್ ಅಂದರೆ ಬರೀ ಸಿವಿಲ್ ಅಲ್ಲ, ಕ್ರಿಮಿನಲ್ ಕೇಸು ನೋಡುವ ಮ್ಯಾಜಿಸ್ಟ್ರೇಟ್, ಅಂದರೆ ಜೆಎಂಎಫ್‌ಸಿಯೂ ಅವರೇ. ಬೆಳಗ್ಗೆ ಪೀಠದಲ್ಲಿ ಕೂರುತ್ತಿದ್ದಂತೆ ಪೊಲೀಸರು ಯಾರನ್ನೋ ರಿಮ್ಯಾಂಡಿಗೆ ತಂದು ನಿಲ್ಲಿಸುತ್ತಾರೆ. ಜಾಮೀನು ಅರ್ಜಿ ಇರುತ್ತೆ, ಚೆಕ್ ಬೌನ್ಸ್ ಇರುತ್ತೆ. ಒಬ್ಬ ಮನುಷ್ಯ ಜೈಲಿನಲ್ಲಿರಬೇಕಾ ಹೊರಗಿರಬೇಕಾ ಅನ್ನುವ ಪ್ರಶ್ನೆ ಎದುರಿಗಿದ್ದಾಗ ಗದ್ದೆಯ ಪಾಲು ಕಾಯಬೇಕಾಗುತ್ತೆ, ತಪ್ಪಿಲ್ಲ. ಆಮೇಲೆ ಲಿಸ್ಟು ಕೂಗುವುದು. ಒಂದು ದಿನದ ಲಿಸ್ಟಿನಲ್ಲಿ ಎಂಬತ್ತು, ನೂರು ಕೇಸು ಇರುವುದು ಹೊಸದೇನಲ್ಲ. ಒಂದಕ್ಕೆ ಎರಡು ನಿಮಿಷ ಅಂದರೂ ಲೆಕ್ಕ ಹಾಕಿ.

ತಾರೀಖು ಕೊಡುವಾಗ ನೋಡುವುದು ಕೇಸು ಯಾವ ಹಂತದಲ್ಲಿದೆ ಅಂತ. ಸಮನ್ಸ್ ಹೋಗಿ ವಾಪಸ್ ಬರಬೇಕಾದರೆ ತಿಂಗಳು ಬೇಕು. ತಕರಾರಿಗೆ, ಅರ್ಜಿಗೆ ಆಕ್ಷೇಪಣೆ ಹಾಕಲು ಸ್ವಲ್ಪ ಕಡಿಮೆ. ಸಾಕ್ಷಿಗೆ ಬಂದರೆ ಕಥೆಯೇ ಬೇರೆ. ಮುಖ್ಯ ವಿಚಾರಣೆ, ಅಂದರೆ ಸಾಕ್ಷಿ ತನ್ನ ಹೇಳಿಕೆ ಕೊಡುವುದು, ಈಗ ಪ್ರಮಾಣಪತ್ರದಲ್ಲಿ (ಅಫಿಡವಿಟ್) ಬರುತ್ತೆ, ಅದು ಬೇಗ ಆಗುತ್ತೆ. ಪಾಟೀ ಸವಾಲು, ಅಂದರೆ ಎದುರಿನ ವಕೀಲರು ಸಾಕ್ಷಿಯನ್ನು ಪ್ರಶ್ನಿಸುವುದು, ಹಾಗಲ್ಲ. ವಕೀಲರು ಕೇಳಬೇಕು, ಸಾಕ್ಷಿ ಹೇಳಬೇಕು, ಸಾಹೇಬರು ಅದನ್ನು ವಾಕ್ಯ ಮಾಡಿ ಟೈಪಿಸ್ಟಿಗೆ ಹೇಳಬೇಕು. "1990ರಲ್ಲೇ ಬಾಯಿಮಾತಿನಲ್ಲಿ ಪಾಲಾಗಿತ್ತು ಎಂದರೆ ಸರಿಯಲ್ಲ" ಅಂತ ಒಂದೊಂದು ಸಾಲೂ ಹೀಗೆ ಇಳಿಯಬೇಕು. ಒಬ್ಬ ಸಾಕ್ಷಿಗೆ ಇಡೀ ಮಧ್ಯಾಹ್ನ ಹೋದದ್ದಿದೆ.

ಅಂದರೆ ದಿನಕ್ಕೆ ಎರಡೋ ಮೂರೋ ಸಾಕ್ಷಿ ಮುಗಿಸಬಹುದು. ಆದರೆ ನಾವು ಲಿಸ್ಟಿಗೆ ಹಾಕುತ್ತಿದ್ದದ್ದು ಹತ್ತು ಹನ್ನೆರಡು. ಯಾಕಂದರೆ ಅರ್ಧಕ್ಕರ್ಧ ಜನ ಟೈಮ್ ಕೇಳುತ್ತಾರೆ ಅಂತ ನಮಗೆ ಮೊದಲೇ ಗೊತ್ತು, ಮೂರೇ ಹಾಕಿದರೆ ಆ ಮೂವರೂ ಬರದೆ ಮಧ್ಯಾಹ್ನ ಪೂರ್ತಿ ಖಾಲಿ ಹೋಗುತ್ತೆ. ಅಪ್ಪಿತಪ್ಪಿ ಒಂದು ದಿನ ಎಲ್ಲರೂ ತಯಾರಾಗಿ ಬಂದರೆ ಕೊನೆಯ ಐದಾರು ಜನ ಸಾಕ್ಷಿಗಳು ಸಂಜೆವರೆಗೆ ಕೂತು ವಾಪಸ್. ಮುಂದಿನ ಸಲ ಅವರ ವಕೀಲರು "ಹೇಗೂ ನಮ್ಮದು ಬರಲ್ಲ" ಅಂತ ಸಾಕ್ಷಿಯನ್ನೇ ಕರೆತರುವುದಿಲ್ಲ. ಬರಲ್ಲ ಅಂತ ನಾವು ಜಾಸ್ತಿ ಹಾಕುವುದು, ಜಾಸ್ತಿ ಹಾಕುತ್ತಾರೆ ಅಂತ ಅವರು ಬರದಿರುವುದು. ತಡ ಅಂದರೆ ಬಹುಪಾಲು ಇದೇ.

ಜಡ್ಜ್ ವರ್ಗಾವಣೆಯಾಗಿ ಹುದ್ದೆ ಖಾಲಿ ಬಿದ್ದರಂತೂ ಮುಗಿಯಿತು. ಪಕ್ಕದ ಕೋರ್ಟಿನವರು ಇನ್‌ಚಾರ್ಜ್. ಅವರು ತುರ್ತು ಕೆಲಸ ನೋಡುತ್ತಾರೆ, ಉಳಿದದ್ದಕ್ಕೆಲ್ಲ ತಾರೀಖು ಹಾಕಿ ಎದ್ದೇಳುತ್ತಾರೆ. ವಾದ ಕೇಳಿ ಮುಗಿಸಿದ ಸಾಹೇಬರು ತೀರ್ಪು ಬರೆಯುವ ಮೊದಲೇ ವರ್ಗವಾದರೆ ಹೊಸಬರ ಮುಂದೆ ಮತ್ತೆ ವಾದ.

ಮಲಪ್ರಭಾ:

ಬೆಂಚ್ ಕ್ಲರ್ಕ್ ಸರ್, ನೀವು ಬರೆದದ್ದು ಓದಿ ಹೊಟ್ಟೆ ಉರಿಯಿತು, ಆದರೆ ಸತ್ಯ. ಜಡ್ಜ್‌ಗಳ ಸಂಖ್ಯೆ ಬಗ್ಗೆಯೂ ಒಂದು ಮಾತು. ಹತ್ತು ಲಕ್ಷ ಜನಕ್ಕೆ 50 ಜಡ್ಜ್ ಬೇಕು ಅಂತ ಕಾನೂನು ಆಯೋಗ 1987ರಲ್ಲೇ ಹೇಳಿತ್ತು. 2002ರಲ್ಲಿ ಸುಪ್ರೀಂ ಕೋರ್ಟು ಐದು ವರ್ಷದಲ್ಲಿ ಅಷ್ಟು ಮಾಡಿ ಅಂತು. ಇವತ್ತಿಗೂ ಮಂಜೂರಾದ ಹುದ್ದೆ ಲೆಕ್ಕ ಹಾಕಿದರೂ 21ರ ಆಸುಪಾಸಿನಲ್ಲಿದ್ದೇವೆ. ಅದರಲ್ಲಿ ಖಾಲಿ ಎಷ್ಟೋ.

ನಮ್ಮದೂ ಧಾರವಾಡ ಕಡೆ ಅಣ್ತಮ್ಮಂದಿರ ಹೊಲದ ಕೇಸು. ವರ್ಷಗಟ್ಟಲೆ ಎಳೆಯಿತು. ನಮ್ಮ ಕಾಕಾ ಲೋಕ ಅದಾಲತ್ ಹೆಸರು ಎತ್ತಿದರೆ ಎದ್ದು ಹೋಗುತ್ತಿದ್ದರು. ಯಾವಾಗ ಅವರದೇ ಪಾಟೀ ಸವಾಲಿಗೆ ತಾರೀಖು ಬಿತ್ತು, ಟೈಮ್ ಕೊಡಲ್ಲ ಅಂತ ಸಾಹೇಬರು ಖಡಕ್ಕಾಗಿ ಹೇಳಿದರು, ಅವತ್ತೇ ಸಂಜೆ ಅವರ ವಕೀಲರಿಂದ ಫೋನು. ಮಧ್ಯಸ್ಥಿಕೆಯಲ್ಲಿ ಕೂತು ಬಾವಿ ಯಾರ ಪಾಲಿಗೆ, ದಾರಿ ಎಲ್ಲಿ ಬಿಡಬೇಕು ಅನ್ನುವುದರ ತನಕ ಬರೆದುಕೊಂಡೆವು. ತೀರ್ಪಿನಲ್ಲಿ ಮೂರನೇ ಒಂದು ಪಾಲು ಅಂತ ಬರುತ್ತಿತ್ತೇ ಹೊರತು ಬಾವಿ ಬರುತ್ತಿತ್ತಾ? ಕಟ್ಟಿದ ಕೋರ್ಟ್ ಫೀಯೂ ವಾಪಸ್ ಬಂತು. ನನಗೆ ಅನಿಸಿದ್ದು, ಸಾಕ್ಷಿಗೆ ಗಟ್ಟಿ ತಾರೀಖು ಬೀಳುವವರೆಗೆ ಎದುರಿನವರು ರಾಜಿಗೆ ಬಗ್ಗುವುದಿಲ್ಲ. ಅದಕ್ಕೇ ಮೊದಲು ಕೇಸನ್ನು ಸಾಕ್ಷಿಗೆ ತನ್ನಿ.

ಜಾಲಹಳ್ಳಿ ಲೇತ್:

ನಾನು ಸಣ್ಣ ವರ್ಕ್‌ಶಾಪ್ ನಡೆಸುವವನು. ಒಬ್ಬ ಗಿರಾಕಿ ದುಡ್ಡು ಕೊಡದೆ ಸತಾಯಿಸಿದ್ದಕ್ಕೆ ಬೆಂಗಳೂರಿನ ಕಮರ್ಷಿಯಲ್ ಕೋರ್ಟಿನಲ್ಲಿ ದಾವೆ ಹಾಕಿದ್ದೆ. ಅಲ್ಲಿನ ಲೆಕ್ಕವೇ ಬೇರೆ. 2015ರ ಕಾಯ್ದೆ, 3 ಲಕ್ಷಕ್ಕೆ ಕಡಿಮೆಯಿಲ್ಲದ ವ್ಯಾಪಾರದ ಜಗಳ ಇರಬೇಕು. ತುರ್ತು ಆದೇಶ ಬೇಕಿಲ್ಲದಿದ್ದರೆ ದಾವೆಗೆ ಮೊದಲೇ ಮಧ್ಯಸ್ಥಿಕೆಗೆ ಹೋಗಿ ಬರಬೇಕು. ಸಮನ್ಸ್ ಸಿಕ್ಕ 120 ದಿನ ದಾಟಿದರೆ ಪ್ರತಿವಾದಿ ತಕರಾರು ಹಾಕುವ ಹಕ್ಕನ್ನೇ ಕಳೆದುಕೊಳ್ಳುತ್ತಾನೆ, ಅಲ್ಲಿ ಸಡಿಲ ಇಲ್ಲ. ಆಮೇಲೆ ಕೇಸ್ ಮ್ಯಾನೇಜ್‌ಮೆಂಟ್ ಹಿಯರಿಂಗ್ ಅಂತ ಒಂದು ಇಟ್ಟು, ಯಾವ ಸಾಕ್ಷಿ ಯಾವತ್ತು, ವಾದ ಯಾವತ್ತು ಅಂತ ಮೊದಲೇ ಬರೆಸಿಬಿಡುತ್ತಾರೆ. ಆ ಮೊದಲ ಹಿಯರಿಂಗಿನಿಂದ ಆರು ತಿಂಗಳಲ್ಲಿ ವಾದ ಮುಗಿಯಬೇಕು ಅಂತ ಕಾಯ್ದೆ. ನನ್ನದು ಆರು ತಿಂಗಳಲ್ಲಿ ಆಗಲಿಲ್ಲ, ಆದರೆ ಮುಂದೇನು ಅಂತ ಯಾವತ್ತೂ ಗೊತ್ತಿರುತ್ತಿತ್ತು. ಇದನ್ನೇ ಎಲ್ಲ ಕೇಸಿಗೂ ಮಾಡಬಾರದಾ?

ಕರಿಕೋಟು:

@ಜಾಲಹಳ್ಳಿ ಲೇತ್, ಮನೆಯ ಪಾಲು ಆ ಕಾಯ್ದೆಗೆ ಬರಲ್ಲ. ಆದರೆ 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟು, 1982ರಲ್ಲಿ ಹಾಕಿದ ದಾವೆಯೊಂದು ತನ್ನ ಮುಂದೆ ಬಂದಾಗ ಬೇಸತ್ತು ಎಲ್ಲ ಸಿವಿಲ್ ಕೋರ್ಟುಗಳಿಗೂ ಸೂಚನೆ ಕೊಟ್ಟಿತು. ಅದರಲ್ಲಿ ಬೆಂಚ್ ಕ್ಲರ್ಕ್ ಸರ್ ಹೇಳಿದ್ದೂ ಇದೆ, ಒಂದು ದಿನಕ್ಕೆ ನಿಭಾಯಿಸಲು ಆಗುವಷ್ಟು ಕೇಸನ್ನೇ ವಿಚಾರಣೆಗೆ ಡೈರಿಯಲ್ಲಿ ಹಾಕಿ, ಸಾಕ್ಷಿ ಶುರುವಾದ ಮೇಲೆ ದಿನದಿಂದ ದಿನಕ್ಕೆ ನಡೆಸಿ ಅಂತ. ಕಾಗದದ ಮೇಲೆ ಬಹಳ ಚೆನ್ನಾಗಿದೆ. ರಿಮ್ಯಾಂಡು ಮತ್ತು ಪಾಲಿನ ದಾವೆ ಎರಡನ್ನೂ ಒಬ್ಬರೇ ನೋಡುವ ಕಡೆ ಇದು ಹೇಗೆ ನಡೆಯಬೇಕೋ ನನಗಂತೂ ಕಾಣಿಸುತ್ತಿಲ್ಲ.

ಹೇಮಾವತಿ ದಡದವ:

ಎಲ್ಲರಿಗೂ ಥ್ಯಾಂಕ್ಸ್. ರಾತ್ರಿ ಕೂತು ಆ್ಯಪ್ ನೋಡಿದೆ. ತಲೆ ತಿರುಗಿತು. ಮೊದಲ ವರ್ಷ ಪೂರ್ತಿ ಸಮನ್ಸಿನದೇ ಕಥೆ. ಒಬ್ಬರಿಗೆ ಜಾರಿಯಾದರೆ ಇನ್ನೊಬ್ಬರದು "ಮನೆಗೆ ಬೀಗ" ಅಂತ ವಾಪಸ್. ಏಳನೇ ಪ್ರತಿವಾದಿಗೆ ಸಮನ್ಸ್ ಕಳಿಸಿ ಅಂತ ಆದೇಶವಿದೆ, ಮುಂದಿನ ತಾರೀಖಿನಲ್ಲಿ "ಪಿಎಫ್ ಕಟ್ಟಿಲ್ಲ", ಅದರ ಮುಂದಿನದರಲ್ಲೂ "ಪಿಎಫ್ ಕಟ್ಟಿಲ್ಲ". ಪಿಎಫ್ ಅಂದರೆ ಏನು? ಆಮೇಲೆ ನಾವು ಹಾಕಿದ ತಡೆಯಾಜ್ಞೆ ಅರ್ಜಿಗೆ ಆಕ್ಷೇಪಣೆ, ಅದರ ವಾದ, ಅದರ ಆದೇಶ, ಅದಕ್ಕೊಂದಿಷ್ಟು ತಿಂಗಳು. ಈಗ ಕೊನೆಯ ಎರಡು ತಾರೀಖಿನಲ್ಲಿ "ಎರಡನೇ ಪ್ರತಿವಾದಿ ಮೃತ, ಎಲ್‌ಆರ್ ಕ್ರಮಕ್ಕೆ" ಅಂತಿದೆ (ಎಲ್‌ಆರ್ ಅಂದರೆ ವಾರಸುದಾರರು). ಅದು ನಮ್ಮ ನಡುವಿನ ಮಾವ, ಈಚೆಗೆ ತೀರಿಕೊಂಡರು. ಅತ್ತೆ ಮತ್ತು ಮಕ್ಕಳ ಹೆಸರು ದಾವೆಯಲ್ಲಿಲ್ಲ. ಇದೆಲ್ಲ ನಮ್ಮ ವಕೀಲರ ಕಡೆಯ ತಪ್ಪಾ? ವಕೀಲರನ್ನು ಬದಲಾಯಿಸಲಾ?

ನಿವೃತ್ತ ಬೆಂಚ್ ಕ್ಲರ್ಕ್:

ಪಿಎಫ್ ಅಂದರೆ ಪ್ರೋಸೆಸ್ ಫೀ. ಸಮನ್ಸ್ ಕಳಿಸುವ ಖರ್ಚು, ಜೊತೆಗೆ ದಾವೆಯ ಪ್ರತಿ ಕೊಡಬೇಕು. ಅದು ವಾದಿ ಕಡೆಯವರ ಕೆಲಸ, ದೊಡ್ಡ ಮೊತ್ತವೇನಲ್ಲ. ಕಟ್ಟದಿದ್ದರೆ ಕಚೇರಿಯಿಂದ ಸಮನ್ಸೇ ಹೊರಡುವುದಿಲ್ಲ, ಸಮನ್ಸ್ ತಲುಪಿಸುವ ಅಮೀನರ ಕೈಗೇ ಹೋಗುವುದಿಲ್ಲ. ತಾರೀಖು ಮಾತ್ರ ಸುಮ್ನೆ ಕಳೆಯುತ್ತೆ. ಗುಮಾಸ್ತರಿಗೆ ಫೋನ್ ಮಾಡಿ ಕಟ್ಟಿದರಾ ಅಂತ ಕೇಳಿ, ರಸೀದಿಯ ಫೋಟೋ ತರಿಸಿಕೊಳ್ಳಿ.

ಬೀಗ ಹಾಕಿದೆ ಅಂತ ವಾಪಸ್ ಬರುತ್ತಿದ್ದರೆ ವಾದಿಯೇ ಸಮನ್ಸ್ ಜಾರಿ ಮಾಡಲು ಅನುಮತಿ ಕೇಳಬಹುದು, ಹ್ಯಾಂಡ್ ಸಮನ್ಸ್ ಅಂತಾರೆ. ಬೇಕಂತಲೇ ತಪ್ಪಿಸಿಕೊಳ್ಳುತ್ತಿದ್ದಾರೆ ಅನಿಸಿದರೆ ಮನೆಗೆ ಅಂಟಿಸುವುದು, ಪೇಪರಿನಲ್ಲಿ ಹಾಕಿಸುವುದು. ಅದಕ್ಕೂ ಅರ್ಜಿ ಹಾಕಬೇಕು, ಕೋರ್ಟು ತಾನಾಗಿ ಮಾಡಲಿ ಅಂತ ಕೂತರೆ ಇನ್ನೂ ನಾಲ್ಕು ವಾಯಿದೆ ಹೋಗುತ್ತೆ.

ಕರಿಕೋಟು:

ಪಿಎಫ್ ಬಿಡಿ, ಅದಕ್ಕಿಂತ ಅರ್ಜೆಂಟ್ ನಿಮ್ಮ ಮಾವನ ವಿಷಯ. ಪ್ರತಿವಾದಿ ತೀರಿಕೊಂಡ 90 ದಿನದೊಳಗೆ ವಾರಸುದಾರರನ್ನು ದಾವೆಗೆ ಸೇರಿಸಲು ಅರ್ಜಿ ಹಾಕಬೇಕು. ತಪ್ಪಿದರೆ ಅವರ ಮಟ್ಟಿಗೆ ದಾವೆ ತಾನಾಗೇ ಬಿದ್ದುಹೋಗುತ್ತೆ, ಯಾರೂ ಆದೇಶ ಮಾಡಬೇಕಾಗಿಲ್ಲ. ಪಾಲಿನ ದಾವೆಯಲ್ಲಿ ಪಾಲುದಾರರೆಲ್ಲ ಇರಲೇಬೇಕು, ಒಬ್ಬರ ಮಟ್ಟಿಗೆ ಬಿದ್ದರೆ ಇಡೀ ದಾವೆಗೇ ಕುತ್ತು ಬರಬಹುದು. ಅದಾದ ಮೇಲೆ 60 ದಿನದೊಳಗೆ ಅದನ್ನು ರದ್ದು ಮಾಡಿಸಲು ಅರ್ಜಿ ಹಾಕಬಹುದು, ಅದೂ ದಾಟಿದರೆ ವಿಳಂಬ ಮನ್ನಾ ಮಾಡಿ ಅಂತ ಮತ್ತೊಂದು ಅರ್ಜಿ. ಒಂದೊಂದಕ್ಕೂ ಆಕ್ಷೇಪಣೆ, ವಾದ, ಆದೇಶ. ಈ ವಾರವೇ ವಕೀಲರ ಹತ್ತಿರ ಹೋಗಿ. ಮಾವನ ಮರಣ ಪ್ರಮಾಣಪತ್ರ, ಅತ್ತೆ ಮತ್ತು ಮಕ್ಕಳ ಪೂರ್ತಿ ಹೆಸರು, ವಯಸ್ಸು, ವಿಳಾಸ ತೆಗೆದುಕೊಂಡು ಹೋಗಿ. ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನು ಬಿಡಬೇಡಿ, ಆಮೇಲೆ ಅದಕ್ಕೇ ಇನ್ನೊಂದು ತಕರಾರು ಬರುತ್ತೆ.

ಸೇರಿಸಿದ ಮೇಲೆ ಅವರಿಗೂ ಸಮನ್ಸ್ ಹೋಗಬೇಕು. ಹೌದು, ಮತ್ತೆ.

ವಕೀಲರನ್ನು ಬದಲಾಯಿಸುವ ಆತುರ ಬೇಡ. ಹೊಸಬರಿಗೆ ಹಳಬರ ಒಪ್ಪಿಗೆ ಬೇಕು, ಫೈಲ್ ಓದಲು ಟೈಮ್ ಕೇಳುತ್ತಾರೆ, ಅಲ್ಲೇ ಮೂರು ವಾಯಿದೆ. ಮೊದಲು ಕೂತು ಮಾತಾಡಿ. ಮುಂದಿನ ತಾರೀಖು ಯಾವುದಕ್ಕೆ, ಅದಕ್ಕೆ ಮೊದಲು ನಮ್ಮ ಕಡೆಯಿಂದ ಏನು ಆಗಬೇಕು, ಈ ಎರಡನ್ನು ಪ್ರತಿ ಸಲ ಕೇಳಿ. ಕಕ್ಷಿದಾರರು ಆ್ಯಪ್ ನೋಡುತ್ತಾರೆ ಅಂತ ಗೊತ್ತಾದರೆ ನಾವು ವಕೀಲರು ಬೇರೆ ಥರ ನಡೆದುಕೊಳ್ಳುತ್ತೇವೆ, ಇದು ಒಳಗಿನ ಗುಟ್ಟು.

ಸಮನ್ಸು, ತಕರಾರು ಮುಗಿದು ವಿವಾದಾಂಶ (ಕೋರ್ಟು ತೀರ್ಮಾನಿಸಬೇಕಾದ ಪ್ರಶ್ನೆಗಳು) ರಚನೆಯಾದ ಕೂಡಲೇ ಅಮ್ಮನ ವಯಸ್ಸು ತೋರಿಸಿ ಬೇಗ ಸಾಕ್ಷಿಗೆ ತೆಗೆದುಕೊಳ್ಳಿ ಅಂತ ಅರ್ಜಿ ಹಾಕಿಸಿ. ಹಿರಿಯರ ಕೇಸಿಗೆ ಸಾಮಾನ್ಯವಾಗಿ ಕೋರ್ಟುಗಳು ಕಿವಿಗೊಡುತ್ತವೆ. ಮಂಡಿ ನೋವು ತೀರಾ ಜಾಸ್ತಿ ಇದ್ದರೆ ಕೋರ್ಟ್ ಕಮಿಷನರ್ ನೇಮಿಸಿ ಮನೆಯಲ್ಲೇ ಸಾಕ್ಷಿ ದಾಖಲಿಸುವುದಕ್ಕೂ ಅವಕಾಶವಿದೆ. ನಿಮ್ಮ ಹೆಸರಿಗೆ ಜಿಪಿಎ (ಅಮ್ಮನ ಪರವಾಗಿ ನಡೆದುಕೊಳ್ಳುವ ಅಧಿಕಾರ ಪತ್ರ) ಮಾಡಿಸಿ ನೀವೇ ಸಾಕ್ಷಿ ಹೇಳುವ ಯೋಚನೆ ಬೇಡ, ಅಮ್ಮನಿಗೆ ಮಾತ್ರ ಗೊತ್ತಿರುವ ವಿಷಯವನ್ನು ನೀವು ಹೇಳಿದರೆ ನಿಲ್ಲುವುದಿಲ್ಲ.

ಮಲಪ್ರಭಾ:

ಖರ್ಚಿನ ಚಿಂತೆ ಇದ್ದರೆ ತಾಲೂಕು ಕಾನೂನು ಸೇವಾ ಸಮಿತಿ ಕೋರ್ಟಿನ ಆವರಣದಲ್ಲೇ ಇರುತ್ತೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತೆ. ಬಹಳ ಜನಕ್ಕೆ ಇದು ಗೊತ್ತೇ ಇಲ್ಲ.

ಹೇಮಾವತಿ ದಡದವ:

ಶನಿವಾರ ಹೋಗಿ ವಕೀಲರನ್ನು ನೋಡುತ್ತೇನೆ. ಮಾವನ ಮರಣ ಪ್ರಮಾಣಪತ್ರ ಅತ್ತೆ ಕೊಡುವುದಿಲ್ಲ ಅನಿಸುತ್ತೆ, ಮಾತುಕತೆ ನಿಂತು ಹೋಗಿದೆ. ಇನ್ನೊಂದು ಪ್ರಶ್ನೆ, ಡಿಕ್ರಿ ಬಂದರೆ ಅಲ್ಲಿಗೆ ಮುಗಿಯುತ್ತಾ?

ಕರಿಕೋಟು:

ಪ್ರಮಾಣಪತ್ರಕ್ಕೆ ಅತ್ತೆಯನ್ನೇ ಕಾಯಬೇಕಿಲ್ಲ, ಸಾವು ನೋಂದಣಿಯಾದ ಕಡೆ ಅರ್ಜಿ ಹಾಕಿ. ಪ್ರತಿ ಸಿಗುವುದು ತಡವಾದರೂ ಎಲ್‌ಆರ್ ಅರ್ಜಿಯನ್ನು 90 ದಿನದೊಳಗೆ ಹಾಕಿಬಿಡಿ, ಪ್ರಮಾಣಪತ್ರ ಆಮೇಲೆ ಕೊಡಬಹುದು. ಮಾವನ ಪರ ವಕೀಲರಿಗೂ ಕಕ್ಷಿದಾರರು ತೀರಿಕೊಂಡದ್ದನ್ನು ಕೋರ್ಟಿಗೆ ತಿಳಿಸುವ ಹೊಣೆ ಇದೆ. ವಾರಸುದಾರರ ವಿವರವನ್ನೂ ಅವರಿಂದ ಕೊಡಿಸಿ ಅಂತ ನಿಮ್ಮ ವಕೀಲರು ಕೋರ್ಟನ್ನು ಕೇಳಿಕೊಳ್ಳಲಿ.

ಡಿಕ್ರಿ ಬಂದರೆ ಮುಗಿಯಲ್ಲ. ಮೊದಲು ಬರುವುದು ಪ್ರಾಥಮಿಕ ಡಿಕ್ರಿ, ಯಾರಿಗೆ ಎಷ್ಟನೇ ಪಾಲು ಅಂತ ಮಾತ್ರ. ಯಾವ ಗದ್ದೆ, ಯಾವ ಮೂಲೆ ಅನ್ನುವುದಕ್ಕೆ ಅಳತೆಯಾಗಿ ಅಂತಿಮ ಡಿಕ್ರಿ ಬರಬೇಕು. ನಮ್ಮಲ್ಲಿ ಅದಕ್ಕೆ ಎಫ್‌ಡಿಪಿ ಅಂತ ಬೇರೆ ಅರ್ಜಿ, ಬೇರೆ ನಂಬರು, ಮತ್ತೆ ಎಲ್ಲರಿಗೂ ನೋಟಿಸು, ಹೀಗೆ ನಡೆದುಕೊಂಡು ಬಂದಿತ್ತು. 2022ರ ಜೂನ್‌ನಲ್ಲಿ ಕೇರಳದ ಒಂದು ಪಾಲಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಬೇರೆ ಅರ್ಜಿಗೆ ಕಾಯದೆ ಪ್ರಾಥಮಿಕ ಡಿಕ್ರಿ ಆದ ಕೂಡಲೇ ಅದೇ ದಾವೆಯನ್ನು ಅಂತಿಮ ಡಿಕ್ರಿಗೆ ಮುಂದುವರಿಸಿ ಅಂತ ಎಲ್ಲ ಕೋರ್ಟುಗಳಿಗೂ ಹೇಳಿದೆ. ತೀರ್ಪಿನ ದಿನವೇ ಮುಂದಿನ ತಾರೀಖು ಹಾಕಿಸಿಕೊಳ್ಳಲು ನಿಮ್ಮ ವಕೀಲರಿಗೆ ನೆನಪಿಸಿ. ಅಂತಿಮ ಡಿಕ್ರಿಯನ್ನು ಛಾಪಾ ಕಾಗದದ ಮೇಲೆ ಬರೆಸಬೇಕಾಗುತ್ತೆ, ಅದರ ಖರ್ಚು ನಿಮ್ಮದು.

ಅಂದ ಹಾಗೆ ತಡೆಯಾಜ್ಞೆ ಅರ್ಜಿಯ ಆದೇಶ ಏನಾಯ್ತು ಅಂತ ನೀವು ಬರೆಯಲೇ ಇಲ್ಲ. ತೋಟದ ತುಂಡು ಕೊಂಡವರು ಇನ್ನೊಬ್ಬರಿಗೆ ಮಾರಿದರೆ ಪ್ರತಿವಾದಿಗಳ ಪಟ್ಟಿ ಇನ್ನೂ ಬೆಳೆಯುತ್ತೆ. ಶನಿವಾರ ಅದನ್ನೂ ಕೇಳಿಕೊಂಡು ಬನ್ನಿ.